ಸೋಗೆಯ ಹಸಿರನ್ನು ಅಳೆಯುವ ಕಣ್ಣು ಯಾರದು?

ಮಳೆಗಾಲ ಹಿಡಿಯುವ ಮುನ್ನ ಅಡಿಕೆಯ ಕೊನೆಗಳಿಗೆ ಒಮ್ಮೆ, ಅಲ್ಲಿಂದ 40-45 ದಿನ ಕಳೆದ ಮೇಲೆ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡಿನ ತೋಟಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಹೀಗೆ ಅಡಿಕೆ ಮರವನ್ನೇರಿತು. ಈ ಕ್ರಮ ನಿಂತದ್ದು ಒಂದು ನಂಬಿಕೆಯ ಮೇಲೆ: ಮಳೆ ತನ್ನ ನಕ್ಷತ್ರವನ್ನು ತಪ್ಪಿಸುವುದಿಲ್ಲ.

ಆ ನಂಬಿಕೆ ಈಗ ಕುಸಿಯುತ್ತಿದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಪಶ್ಚಿಮಘಟ್ಟದ ಮೇಲೆ ಸುರಿದ ಮಳೆ ಗುಡ್ಡಗಳನ್ನೇ ಕುಸಿಯುವಂತೆ ಮಾಡಿತು. 2021ರ ನವೆಂಬರಿನಲ್ಲಿ, ಬೆಳೆ ಅಂಗಳದಲ್ಲಿ ಒಣಗಬೇಕಾದ ಹೊತ್ತಿಗೆ, ಮಳೆ ಬಿಡಲಿಲ್ಲ. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು. ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದುದರಿಂದ ಮಳೆ ತಡೆದು ನಿಂತು ಒಮ್ಮೆಲೇ ಸುರಿಯುತ್ತದೆ. 20ರಿಂದ 23 ಡಿಗ್ರಿಯ ತಂಪು, ಶೇಕಡಾ 90ಕ್ಕೂ ಮೀರಿದ ತೇವಾಂಶ, ನಡುನಡುವೆ ಇಣುಕುವ ಬಿಸಿಲು, ಇಷ್ಟು ಕೂಡಿದಾಗ ಕೊಳೆರೋಗ ಹಬ್ಬುತ್ತದೆ. ಆ ದಿನಗಳು ಇಂದಿಗೂ ಬರುತ್ತವೆ, ಆದರೆ ಪಂಚಾಂಗ ಹೇಳಿದ ದಿನವೇ ಬರುವುದಿಲ್ಲ. ಇದರ ಮೇಲೆ 2022ರಲ್ಲಿ ಎಲೆಚುಕ್ಕೆ ರೋಗ ಕಳಸ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ತೋಟಗಳಲ್ಲಿ ಹಿಂದೆ ಕಾಣದ ವೇಗದಲ್ಲಿ ವ್ಯಾಪಿಸಿತು. ಹಳದಿ ಎಲೆ ರೋಗವಂತೂ ಶೃಂಗೇರಿ, ಕೊಪ್ಪದ ಕುಟುಂಬಗಳನ್ನು ದಶಕಗಳಿಂದ ಹಿಂಡುತ್ತಿದೆ. ಅದಕ್ಕೆ ಇಂದಿಗೂ ಮದ್ದಿಲ್ಲ.

ಈ ಸಂಕಟದ ನಡುವೆ ಒಂದು ಹೊಸ ಭರವಸೆಯ ಮಾತು ಕೇಳಿಬರುತ್ತಿದೆ. ಡ್ರೋನ್ ಮತ್ತು ಉಪಗ್ರಹಗಳಲ್ಲಿ ಕೂರಿಸಿದ ಬೆಳಕಿನ ಸಂವೇದಕಗಳು ಮನುಷ್ಯನ ಕಣ್ಣಿಗಿಂತ ಮೊದಲೇ ರೋಗವನ್ನು ಕಾಣಬಲ್ಲವು ಎಂಬುದೇ ಆ ಮಾತು. ಇದರ ಹಿಂದಿನ ತತ್ತ್ವ ಸರಳವಾದುದು. ಎಲೆಯ ಪತ್ರಹರಿತ್ತು ಬಿಸಿಲಿನ ಕೆಂಪು ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಅರ್ಧದಷ್ಟನ್ನು ಆರೋಗ್ಯವಂತ ಎಲೆ ಹಿಂದಕ್ಕೆ ಚಿಮ್ಮಿಸುತ್ತದೆ. ಎಲೆ ಸೊರಗತೊಡಗಿದಾಗ ಈ ಲೆಕ್ಕ ತಪ್ಪುತ್ತದೆ: ಹಿಂದಿರುಗುವ ಕೆಂಪು ಹೆಚ್ಚುತ್ತದೆ, ಅವಕೆಂಪು ತಗ್ಗುತ್ತದೆ. ಸಂವೇದಕ ಅಳೆಯುವುದು ಈ ವ್ಯತ್ಯಾಸವನ್ನು.

ಭಾರತದಲ್ಲಿ ದೂರಸಂವೇದನೆಯ ಕಥೆ ಆರಂಭವಾದದ್ದೇ ಒಂದು ತೋಟದ ರೋಗದಿಂದ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. 1970ರ ಸುಮಾರಿಗೆ ವಿಜ್ಞಾನಿ ಪಿ.ಆರ್. ಪಿಶಾರೋಟಿ ಅವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿತು. ಅವಕೆಂಪು ಕಿರಣಗಳನ್ನು ಗ್ರಹಿಸುವ ಫಿಲ್ಮಿನಲ್ಲಿ ತೆಗೆದ ಚಿತ್ರಗಳಲ್ಲಿ ಬೇರುಸೊರಗು ರೋಗ ತಗುಲಿದ ಮರಗಳು ಬೇರೆಯಾಗಿ ಕಂಡವು. ಅಡಿಕೆಯ ಹಳದಿ ಎಲೆ ರೋಗದಂತೆಯೇ ಇದೂ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ. ರೋಗವನ್ನು ಮೊದಲೇ ಕಂಡದ್ದರಿಂದ ತೆಂಗು ಉಳಿಯಿತೇ? ಇಲ್ಲ. ದಕ್ಷಿಣ ಕೇರಳದಲ್ಲಿ ರೋಗ ಇಂದಿಗೂ ಇದೆ. ರೈತರಿಗೆ ಒಂದಿಷ್ಟು ಆಸರೆ ದೊರೆತದ್ದು ಬೇರೆ ದಾರಿಯಿಂದ. ರೋಗಪೀಡಿತ ಪ್ರದೇಶದಲ್ಲಿಯೇ ಹಸಿರಾಗಿ ಉಳಿದ ಮರಗಳನ್ನು ಹುಡುಕಿ, ಅವುಗಳಿಂದ ಕಲ್ಪರಕ್ಷಾ, ಕಲ್ಪಶ್ರೀಯಂತಹ ತಳಿಗಳನ್ನು ಆರಿಸಿಕೊಂಡದ್ದು ಆ ದಾರಿ.

ಇನ್ನು ಮಲೆನಾಡಿನ ತೋಟಕ್ಕೆ ಬಂದರೆ ಆಕಾಶದ ಕಣ್ಣಿನ ಮಿತಿಗಳು ಸ್ಪಷ್ಟವಾಗುತ್ತವೆ. ಕೊಳೆರೋಗ ಬರುವುದು ಮಳೆಗಾಲದ ದಟ್ಟ ಮೋಡದ ದಿನಗಳಲ್ಲಿ. ಬೆಳಕನ್ನೇ ನೆಚ್ಚಿದ ಉಪಗ್ರಹ ಮೋಡವನ್ನು ಭೇದಿಸಿ ನೋಡಲಾರದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಉಚಿತವಾಗಿ ನೀಡುವ ಚಿತ್ರದಲ್ಲಿ ಅತಿ ಚಿಕ್ಕ ಚೌಕವೆಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ನೆಟ್ಟ ತೋಟದಲ್ಲಿ ಅಂತಹ ಒಂದು ಚೌಕದೊಳಗೆ ಹದಿಮೂರು ಹದಿನಾಲ್ಕು ಮರಗಳು ಅಡಗುತ್ತವೆ. ಜೊತೆಗೆ ಬಾಳೆ, ಏಲಕ್ಕಿ, ಕಾಳುಮೆಣಸಿನ ಬಳ್ಳಿ. ಕೆಳಗೆ ಹಾರುವ ಡ್ರೋನ್ ಒಂದೊಂದು ಮರವನ್ನೂ ಬೇರೆಯಾಗಿ ನೋಡಬಲ್ಲದು, ನಿಜ. ಆದರೆ ಕೊಳೆ ಹಿಡಿಯುವುದು ಸೋಗೆಗಳ ಅಡಿಯಲ್ಲಿರುವ ಕೊನೆಗೆ. ಎಲೆಚುಕ್ಕೆ ಮೊದಲು ಕಾಣುವುದು ಕೆಳಗಿನ ಸೋಗೆಗಳಲ್ಲಿ. ಎರಡೂ ಮೇಲಿನಿಂದ ನೋಡುವವರಿಗೆ ಮರೆಯಾಗಿಯೇ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಹಸಿರು ಕುಂದಿದೆ ಎಂದು ಸಂವೇದಕ ಹೇಳಬಲ್ಲದೇ ಹೊರತು ಏಕೆ ಕುಂದಿದೆ ಎಂದು ಖಚಿತವಾಗಿ ಹೇಳುವುದು ಅದಕ್ಕೆ ಕಷ್ಟ. ಬಸಿಗಾಲುವೆ ಹೂತು ನೀರು ನಿಂತರೂ, ಪೋಷಕಾಂಶದ ಕೊರತೆಯಾದರೂ, ಬೇರುಹುಳು ತಿಂದರೂ ಸೋಗೆ ಹಳದಿಯಾಗುತ್ತದೆ. ಕಾರಣ ತಿಳಿಯಲು ಕೊನೆಗಾರ ಮರ ಹತ್ತಬೇಕು, ತೋಟದವರು ಬುಡ ಬಿಡಿಸಿ ನೋಡಬೇಕು.

ಕಂಡಮೇಲೆ ಮಾಡುವುದೇನು ಎಂಬ ಪ್ರಶ್ನೆ ಇನ್ನೂ ದೊಡ್ಡದು. ಇಟಲಿಯ ಪುಲಿಯಾ ಪ್ರಾಂತದ ಆಲಿವ್ ತೋಪುಗಳಲ್ಲಿ 2013ರಲ್ಲಿ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾದ ರೋಗ ಪತ್ತೆಯಾಯಿತು. ವಿಮಾನದಲ್ಲಿ ಒಯ್ದ ಸೂಕ್ಷ್ಮ ಕ್ಯಾಮೆರಾಗಳು ಲಕ್ಷಣ ತೋರುವ ಮುನ್ನವೇ ಸೋಂಕಿತ ಮರಗಳನ್ನು ಗುರುತಿಸಬಲ್ಲವು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಆ ರೋಗಕ್ಕೂ ಮದ್ದಿಲ್ಲ. ಹರಡುವಿಕೆ ತಡೆಯಲು ಸರ್ಕಾರ ಹಿಡಿದ ದಾರಿ ಮರ ಕಡಿಯುವುದು. ತಲೆತಲಾಂತರದ ಮರಗಳಿಗೆ ಕೊಡಲಿ ಬೀಳುವುದನ್ನು ಅಲ್ಲಿನ ರೈತರು ಪ್ರತಿಭಟಿಸಿದರು. ಪರಿಹಾರ, ಮರುನಾಟಿ, ನಡುವಿನ ವರ್ಷಗಳ ಬದುಕು ಇವುಗಳ ಏರ್ಪಾಡಿಲ್ಲದೆ ಬರುವ ಮುನ್ಸೂಚನೆ ರೈತನ ಪಾಲಿಗೆ ಶಿಕ್ಷೆಯ ಆದೇಶವಷ್ಟೇ ಆಗುತ್ತದೆ.

ಮಾಹಿತಿಯ ಒಡೆತನದ ಪ್ರಶ್ನೆಯೂ ಇಲ್ಲಿದೆ. ಯಾವ ಕಣಿವೆಯಲ್ಲಿ, ಯಾರ ತೋಟದಲ್ಲಿ ಹಸಿರು ಕುಂದುತ್ತಿದೆ ಎಂಬ ನಕ್ಷೆ ಔಷಧಿ ಮಾರುವವರ ಕೈಗೆ ಮೊದಲು ಸೇರಿದರೆ ಅದು ವ್ಯಾಪಾರದ ನಕ್ಷೆಯಾಗುತ್ತದೆ. ಸಾಲ ಕೊಡುವವರ, ವಿಮೆ ನಿರ್ಧರಿಸುವವರ ಕೈ ಸೇರಿದರೆ ಬಡ ಹಿಡುವಳಿದಾರನ ವಿರುದ್ಧದ ಸಾಕ್ಷ್ಯವಾದೀತು. ಎಚ್ಚರಿಕೆಯ ಪ್ರತಿಯೊಂದು ಗಂಟೆಗೂ ಒಂದು ಸಿಂಪಡಣೆ ಎಂಬ ರೂಢಿ ಬೆಳೆದರೆ ತಾಮ್ರ ಮಣ್ಣಿನಲ್ಲಿ ಸಂಗ್ರಹವಾಗುತ್ತಲೇ ಹೋಗುತ್ತದೆ. ತೋಟದ ಕೆಳಗಿನ ಹಳ್ಳಕ್ಕೂ ಇಳಿಯುತ್ತದೆ. ಸಂವೇದಕದ ಸಾರ್ಥಕತೆ ಅನಗತ್ಯ ಸಿಂಪಡಣೆಯನ್ನು ತಪ್ಪಿಸುವುದರಲ್ಲಿದೆ.

ಹಾಗೆಂದು ಈ ವಿಜ್ಞಾನವನ್ನು ದೂರವಿಡುವುದು ವಿವೇಕವಲ್ಲ. ನಕ್ಷತ್ರದ ಲೆಕ್ಕ ಕೈಕೊಟ್ಟಿರುವಾಗ ಹೊಸ ಲೆಕ್ಕ ಬೇಕೇಬೇಕು. ಅದು ಊರಿನಿಂದ ಆರಂಭವಾಗಲಿ. ಪ್ರತಿ ಕಣಿವೆಗೊಂದು ಮಳೆಮಾಪಕ, ತೇವಾಂಶವನ್ನೂ ಎಲೆಯ ಮೇಲೆ ನೀರು ನಿಲ್ಲುವ ಅವಧಿಯನ್ನೂ ಅಳೆಯುವ ಸಾಧನ ಇದ್ದರೆ ಕೊಳೆರೋಗದ ಅಪಾಯದ ದಿನಗಳನ್ನು ಮೋಡದ ಅಡಿಯಲ್ಲಿಯೇ ಗುರುತಿಸಬಹುದು. ಪ್ರೌಢಶಾಲೆಯ ಮಕ್ಕಳು ಇದರ ದಿನಚರಿ ಬರೆಯಬಲ್ಲರು. ಮಳೆ ಬಿಟ್ಟ ತಿಂಗಳುಗಳಲ್ಲಿ, ಆಕಾಶ ತಿಳಿಯಾದಾಗ, ಡ್ರೋನ್ ಮತ್ತು ಉಪಗ್ರಹದ ಚಿತ್ರಗಳನ್ನು ಹಳದಿ ಎಲೆ ರೋಗದ ವಿಸ್ತಾರ ಅರಿಯಲು ಬಳಸಲಿ. ಅಷ್ಟೇ ಮುಖ್ಯವಾಗಿ, ಸತ್ತ ತೋಟಗಳ ನಡುವೆ ಹಸಿರಾಗಿಯೇ ನಿಂತ ಮರಗಳನ್ನು ಅವು ತೋರಿಸಲಿ. ಮುಂದಿನ ತಲೆಮಾರಿನ ಬೀಜದಡಿಕೆ ಅಲ್ಲಿರಬಹುದು. ಆ ಮರಗಳ ಚರಿತ್ರೆ ಬಲ್ಲ ಕೊನೆಗಾರರ ಮಾತನ್ನೂ ದಾಖಲಿಸಿಕೊಳ್ಳಬೇಕು. ಅವರ ಶ್ರಮಕ್ಕೆ ತಕ್ಕ ಸಂಬಳ ಸಲ್ಲಬೇಕು.

ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿಯೊಂದು ಸಮೀಕ್ಷೆಯ ಫಲಿತಾಂಶವೂ ಕನ್ನಡದಲ್ಲಿ, ಗ್ರಾಮಸಭೆಯ ಮುಂದೆ ಬರಬೇಕು. ತೋಟದ ಮೇಲೆ ಡ್ರೋನ್ ಹಾರಿಸುವವರು ತೋಟದವರ ಒಪ್ಪಿಗೆ ಪಡೆಯಬೇಕು. ಚಿತ್ರದ ಪ್ರತಿಯನ್ನು ಅವರಿಗೆ ಕೊಡಬೇಕು. ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಗಳಲ್ಲಿ ಮಲೆನಾಡಿನ ಜನ ಈ ಎರಡು ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮಂಡಿಸಲಿ. ಯಂತ್ರದ ಕಣ್ಣು ಊರಿನ ಕಣ್ಣಿಗೆ ಜೊತೆಯಾಗಬೇಕು. ಊರನ್ನೇ ಕಾಯುವ ಪಹರೆ ಅದಾಗಬಾರದು.