ಸಹಿ ಯಾರದು?

ಮಕ್ಕಳೇ, ಈ ವಾರ ನನ್ನದೇ ಒಂದು ಪೆದ್ದುತನದ ಕತೆ ಹೇಳುತ್ತೇನೆ. ಮನೆಯ ಹಿರಿಯರಿಗೂ ಓದಿ ಹೇಳಿ. ಅವರ ಕಪಾಟಿನಲ್ಲೂ ಇಂಥದೊಂದು ಪುಸ್ತಕ ಇದ್ದೀತು.

ನನಗೆ ಹಳೆಯ ಪುಸ್ತಕಗಳ ಹುಚ್ಚು. ಕತೆ, ಕಾದಂಬರಿಗಳದ್ದಲ್ಲ, ರಾಜಕೀಯ, ದೇಶ ದೇಶಗಳ ನಡುವಿನ ವ್ಯವಹಾರ, ರಾಯಭಾರಿಗಳ ನೆನಪುಗಳು, ಇಂಥವುಗಳದ್ದು. ಇವನ್ನು ಜನ ಬೇಗ ಮಾರಿಬಿಡುತ್ತಾರೆ. ಸರ್ಕಾರ ಬದಲಾಯಿತು, ಯುದ್ಧ ಮುಗಿಯಿತು, ಇನ್ನು ಇದೇಕೆ ಎಂದು ರದ್ದಿಗೆ ಹಾಕುತ್ತಾರೆ. ಹಾಗಾಗಿ ಫುಟ್‌ಪಾತಿನಲ್ಲಿ ಇವು ಅಗ್ಗ. ಆದರೆ ಒಳಗೆ ಲೇಖಕರ ಸಹಿ ಇತ್ತೋ, ಅದೇ ಪುಸ್ತಕದ ಬೆಲೆ ಮೂರು ಪಟ್ಟು, ನಾಲ್ಕು ಪಟ್ಟು ಏರುತ್ತದೆ.

1984ರ ಜೂನ್. ನಾನಾಗ ಬೆಂಗಳೂರಿನಲ್ಲಿ ಬ್ಯಾಂಕ್ ಗುಮಾಸ್ತ. ಮಗನಿಗೆ ಶಾಲೆ ಶುರುವಾಗುವುದಿತ್ತು. ಅವನ ಬೂಟಿಗೆಂದು ನನ್ನಾಕೆ ಎಂಬತ್ತು ರೂಪಾಯಿ ಕೊಟ್ಟು ಕಳಿಸಿದಳು. ದಾರಿಯಲ್ಲಿ ಅವೆನ್ಯೂ ರಸ್ತೆ ಸಿಕ್ಕಿತು. ಐದು ನಿಮಿಷ ನೋಡಿ ಹೋಗೋಣ ಎಂದು ನಿಂತೆ. ನಮ್ಮ ಸಂವಿಧಾನ ಹೇಗೆ ರೂಪುಗೊಂಡಿತು ಎಂದು ತಿಳಿಸುವ ದಪ್ಪ ಇಂಗ್ಲಿಷ್ ಪುಸ್ತಕವೊಂದು ಕೈಗೆ ಬಂತು. ಹೆಸರು ‘ಇಂಡಿಯಾಸ್ ಕಾನ್‌ಸ್ಟಿಟ್ಯೂಷನ್ ಇನ್ ದ ಮೇಕಿಂಗ್’. ಬರೆದವರು ಬಿ.ಎನ್. ರಾವ್. ಮೊದಲ ಹಾಳೆ ತಿರುಗಿಸಿದರೆ ನೀಲಿ ಶಾಯಿಯಲ್ಲಿ ಇಂಗ್ಲಿಷ್ ಸಹಿ: ಬಿ.ಎನ್. ರಾವ್! ನನ್ನ ಎದೆ ಡವಡವ ಎಂದಿತು.

ಆ ಮಾರುವಾತ ಸಹಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಮುಖ ನೋಡಿ ಅರವತ್ತು ರೂಪಾಯಿ ಎಂದ, ಅಷ್ಟೆ. ಕೊಟ್ಟುಬಿಟ್ಟೆ. ಮಗ ಮುಂದಿನ ಸಂಬಳದವರೆಗೂ ಹರಿದ ಬೂಟಿನಲ್ಲೇ ಶಾಲೆಗೆ ಹೋದ. ಮಳೆಗಾಲ ಬೇರೆ.

ಆ ಸಹಿಗೆ ನಾನೇಕೆ ಹಾಗೆ ಮರುಳಾದೆ? ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದವರು. ಸಂವಿಧಾನ ರಚನಾ ಸಭೆಗೆ ಸಲಹೆಗಾರರು. ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಬಲ್ಲವರ ಜೊತೆ ಚರ್ಚಿಸಿ ಬಂದರು. 1947ರಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರೇ. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಅದನ್ನು ಮುಂದಿಟ್ಟುಕೊಂಡು, ತಿದ್ದಿ, ಬೆಳೆಸಿ ಸಂವಿಧಾನದ ಕರಡು ರೂಪಿಸಿತು. ಕೆಲಸ ಮುಗಿದಾಗ ಅಂಬೇಡ್ಕರ್ ಅವರು ಸಭೆಯಲ್ಲೇ ಎದ್ದು ನಿಂತು ರಾವ್ ಅವರ ಪಾಲನ್ನು ನೆನೆದರು. ಬರ್ಮಾ ದೇಶದ ಸಂವಿಧಾನಕ್ಕೂ ರಾವ್ ನೆರವಾದವರು.

ಆಮೇಲೆ ಅವರು ವಿಶ್ವಸಂಸ್ಥೆಗೆ ಹೋದರು. 1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ಭದ್ರತಾ ಮಂಡಳಿ ಅಂದೇ ಸಭೆ ಸೇರಿತು. ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ಈ ಮಂಗಳೂರಿನವರು! ಅದೇ ವರ್ಷ ಚೀನಾದಲ್ಲಿ ನಮ್ಮ ರಾಯಭಾರಿಯಾಗಿದ್ದವರು ಕೇರಳದ ಕೆ.ಎಂ. ಪಣಿಕ್ಕರ್. ಅಕ್ಟೋಬರ್ ಮೊದಲ ವಾರದ ಒಂದು ಮಧ್ಯರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಕರೆಸಿಕೊಂಡು, ಅಮೆರಿಕದ ಸೈನ್ಯ ಗಡಿರೇಖೆ ದಾಟಿದರೆ ನಾವು ಯುದ್ಧಕ್ಕೆ ಇಳಿಯುತ್ತೇವೆ ಎಂದು ತಿಳಿಸಿದರು. ಪಣಿಕ್ಕರ್ ಆ ಮಾತನ್ನು ದಾಟಿಸಿದರು. ಅಮೆರಿಕದವರು ನಂಬಲಿಲ್ಲ. ಅದೇ ತಿಂಗಳು ಚೀನಾದ ಸೈನ್ಯ ಯುದ್ಧಕ್ಕೆ ಇಳಿಯಿತು. ಪಣಿಕ್ಕರ್ ಇದನ್ನು ಬರೆದಿರುವ ‘ಇನ್ ಟು ಚೈನಾಸ್’ ಎಂಬ ಪುಸ್ತಕವೂ ನನ್ನಲ್ಲಿದೆ. 1955ರದ್ದು. ಅದನ್ನು ಬರೆಯುವಾಗ, ಏಳು ವರ್ಷ ಕಳೆದು ಭಾರತಕ್ಕೂ ಚೀನಾಕ್ಕೂ ಯುದ್ಧವಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಓದುವ ನಮಗೆ ಗೊತ್ತಿದೆ. ಹಳೆಯ ರಾಜಕೀಯ ಪುಸ್ತಕಗಳ ರುಚಿ ಇರುವುದೇ ಅಲ್ಲಿ.

ಇರಲಿ, ನನ್ನ ಕತೆಗೆ ಬರುತ್ತೇನೆ. ನಲವತ್ತು ವರ್ಷ ನಾನು ಆ ಸಹಿಯನ್ನು ಮನೆಗೆ ಬಂದವರಿಗೆಲ್ಲ ತೋರಿಸಿದೆ. ಕಾಫಿ ಬರುವ ಮೊದಲೇ ಪುಸ್ತಕ ಬರುತ್ತಿತ್ತು. ‘ನನ್ನ ಬೂಟು ನುಂಗಿದ ಸಹಿ ನೋಡಿ’ ಎಂದು ಮಗ ನಗುತ್ತಿದ್ದ.

ಈ ನವೆಂಬರಿನಲ್ಲಿ ನನಗೊಂದು ಯೋಚನೆ ಬಂತು. ವಯಸ್ಸಾಯಿತು, ಈ ಪುಸ್ತಕ ಮೊಮ್ಮಗಳು ಮೇಘನಾಳ ಶಾಲೆಯ ಗ್ರಂಥಾಲಯಕ್ಕೆ ಹೋಗಲಿ ಎಂದು ಮುಖ್ಯೋಪಾಧ್ಯಾಯಿನಿಗೆ ಕಾಗದ ಬರೆದೆ. ಅವರಿಗೆ ಬಹಳ ಖುಷಿಯಾಯಿತು. ನವೆಂಬರ್ 26, ಸಂವಿಧಾನ ದಿನದಂದು ಸ್ವೀಕರಿಸುತ್ತೇವೆ ಎಂದರು. ‘ಬಿ.ಎನ್. ರಾವ್ ಅವರ ಸ್ವಂತ ಸಹಿ ಇರುವ ಅಪರೂಪದ ಪುಸ್ತಕ’ ಎಂದು ಸೂಚನಾ ಫಲಕದಲ್ಲಿ ಬರೆಸಿಯೂಬಿಟ್ಟರು. ಪುಸ್ತಕದ ಬಗ್ಗೆ ನಾಲ್ಕು ಮಾತು ಆಡುವ ಕೆಲಸ ಎಂಟನೇ ತರಗತಿಯ ಮೇಘನಾಳಿಗೇ ಬಂತು.

ಅವಳು ಎರಡು ದಿನ ಆ ಪುಸ್ತಕ ಹಿಡಿದು ಕೂತಳು. ಮೂರನೆಯ ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

“ತಾತ, ತೀರಿಕೊಂಡವರು ಸಹಿ ಹಾಕ್ತಾರಾ?”

“ಏನೇ ಅದು?”

“ರಾವ್ ಅವರು ತೀರಿಕೊಂಡಿದ್ದು 1953ರ ನವೆಂಬರಿನಲ್ಲಿ. ಈ ಪುಸ್ತಕ ಅಚ್ಚಾಗಿದ್ದು 1960ರಲ್ಲಿ. ಅವರು ಬರೆದಿಟ್ಟಿದ್ದನ್ನೆಲ್ಲ ಅವರ ತಮ್ಮ ಬಿ. ಶಿವರಾವ್ ಸೇರಿಸಿ ಹೊರತಂದಿದ್ದು. ಇಲ್ಲೇ ಇದೆ ನೋಡು.”

ನಾನು ಕನ್ನಡಕ ಹಾಕಿಕೊಂಡೆ. ಅಷ್ಟರಲ್ಲಿ ಅವಳು ಭೂತಗನ್ನಡಿ ತಂದು ಸಹಿಯ ಮೇಲೆ ಹಿಡಿದಳು.

“ಇನ್ನೊಂದು ವಿಷಯ ತಾತ. ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಆರ್, ಎ, ಯು ಅಂತ ಬರೀತಿದ್ರು. ಪುಸ್ತಕದ ಮೇಲೂ ಹಾಗೇ ಇದೆ. ಇಲ್ಲಿ ಸಹಿಯಲ್ಲಿ ಇರೋದು ಆರ್, ಎ, ಓ.”

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಮಾಡಿದ ಕೆಲಸ ಏನು ಗೊತ್ತೇ? ಚೆಕ್ಕಿನ ಮೇಲಿನ ಸಹಿಯನ್ನು ತಾಳೆ ನೋಡುವುದು! ಒಂದು ಅಕ್ಷರ ವ್ಯತ್ಯಾಸವಾದರೂ ಚೆಕ್ಕು ವಾಪಸ್ಸು ಮಾಡುತ್ತಿದ್ದವನು ನಾನು. ನನ್ನ ಪುಸ್ತಕದ ಮುಂದೆ ಮಾತ್ರ ಕುರುಡನಾಗಿದ್ದೆ. ಅದು ಬಿ.ಎನ್. ರಾವ್ ಎಂಬ ಹೆಸರಿನ ಬೇರೆ ಯಾರೋ ಓದುಗರು, ತಮ್ಮ ಪುಸ್ತಕದ ಮೇಲೆ ತಮ್ಮ ಹೆಸರು ಬರೆದುಕೊಂಡದ್ದು. ಅವರು ಯಾರಿಗೂ ಮೋಸ ಮಾಡಿರಲಿಲ್ಲ. ಮಾರಿದವನೂ ಮಾಡಿರಲಿಲ್ಲ. ಮೋಸ ಹೋಗಲು ನಾನೇ ಸಿದ್ಧನಾಗಿ ನಿಂತಿದ್ದೆ.

ಈಗ ಹೇಳುವ ಮಾತಿಗೆ ನನಗೆ ನಾಚಿಕೆಯಿದೆ. ಆ ಕ್ಷಣ ನನ್ನ ಬಾಯಿಂದ ಬಂದದ್ದು, “ಹೋಗಲಿ ಬಿಡು ಪುಟ್ಟಿ, ಯಾರಿಗೂ ಗೊತ್ತಾಗಲ್ಲ.”

ಅವಳು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು. “ನನಗೆ ಗೊತ್ತಾಯ್ತಲ್ಲ ತಾತ. ನಾನೇ ಅಲ್ವಾ ಮಾತಾಡ್ಬೇಕಾದವಳು?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಪುಸ್ತಕ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನೇ ಬಂದು ಮಕ್ಕಳಿಗೆ ಹೇಳ್ತೀರಾ ಸಾರ್?” ಎಂದರು.

ಒಪ್ಪಿಕೊಂಡೆ. ಆದರೆ ಮೇಘನಾ ಇನ್ನೊಂದನ್ನೂ ಕಂಡುಹಿಡಿದಿದ್ದಳು. ಆ ಪುಸ್ತಕದ ಅಂಚಿನ ತುಂಬ ಪೆನ್ಸಿಲ್ಲಿನ ಸಣ್ಣ ಸಣ್ಣ ಬರಹ. ಇಂಗ್ಲಿಷಿನ ಕಷ್ಟದ ಪದಗಳ ಪಕ್ಕದಲ್ಲಿ ಕನ್ನಡದ ಅರ್ಥ. ಕೆಲವು ಕಡೆ ಅರ್ಥ ಬರೆದು, ಹೊಡೆದು, ಮತ್ತೊಂದು ಬರೆದಿದ್ದರು. ಎಲ್ಲೋ ನಿಘಂಟು ಪಕ್ಕದಲ್ಲಿಟ್ಟುಕೊಂಡು, ಹೊಸ ದೇಶದ ಕಾನೂನನ್ನು ಪದ ಪದವಾಗಿ ಅರ್ಥ ಮಾಡಿಕೊಂಡ ಒಬ್ಬ ಕನ್ನಡಿಗರು. ಕೊನೆಯ ಪುಟದಲ್ಲಿ ‘ಓದಿ ಮುಗಿಸಿದ್ದು’ ಎಂದು ಬರೆದು ತಾರೀಖು ಹಾಕಿದ್ದರು.

“ನೀನು ಇದನ್ನು ನೋಡಿರಲಿಲ್ವಾ ತಾತ?” ಎಂದು ಕೇಳಿದಳು.

ನೋಡಿರಲಿಲ್ಲ. ಏಕೆಂದರೆ ನಾನು ಆ ಪುಸ್ತಕವನ್ನು ಓದಿರಲೇ ಇಲ್ಲ. ನಲವತ್ತು ವರ್ಷ ಮೊದಲ ಹಾಳೆಯನ್ನಷ್ಟೇ ತೋರಿಸುತ್ತ ಕೂತಿದ್ದೆ. ಸಹಿ ಸುಳ್ಳಾದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಚುಚ್ಚಿತು. ಅಂದಿನಿಂದಲೇ ಓದಲು ಕೂತೆ. ಅರ್ಥವಾಗದ ಕಡೆ ಆ ಇನ್ನೊಬ್ಬ ರಾವ್ ಅವರ ಪೆನ್ಸಿಲ್ ನನ್ನ ಕೈ ಹಿಡಿಯಿತು. 25ರ ರಾತ್ರಿ ಮುಗಿಸಿದೆ.

26ರಂದು ಶಾಲೆಯಲ್ಲಿ ಮೇಘನಾ ರಾವ್ ಅವರ ಬಗ್ಗೆ ಮಾತಾಡಿದಳು. ನಾನು ನನ್ನ ಪೆದ್ದುತನ ಹೇಳಿಕೊಂಡೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಸಹಿ ಇರುವ ಪುಸ್ತಕ ಸಿಕ್ಕರೆ ಏನೇನು ನೋಡಬೇಕು ಎಂದು ಕೇಳಿದರು. ನಾನು ಹೇಳಿದ್ದು ಇಷ್ಟು.

ಮೊದಲು ವರ್ಷ ನೋಡಿ: ಪುಸ್ತಕ ಅಚ್ಚಾದಾಗ ಲೇಖಕರು ಬದುಕಿದ್ದರೇ? ಆಮೇಲೆ ಕಾಗುಣಿತ ನೋಡಿ: ಅವರು ತಮ್ಮ ಹೆಸರನ್ನು ಹೇಗೆ ಬರೆಯುತ್ತಿದ್ದರು? ಮೂರನೆಯದು, ಭೂತಗನ್ನಡಿ ಹಿಡಿಯಿರಿ. ಎಷ್ಟೋ ಪುಸ್ತಕಗಳಲ್ಲಿ ಸಹಿಯನ್ನು ಅಚ್ಚು ಹಾಕಿಸಿರುತ್ತಾರೆ. ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಕಂಡರೆ ಅದು ಅಚ್ಚು. ಪೆನ್ನಿನದಾದರೆ ಶಾಯಿ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಹಾಳೆಯ ಹಿಂಬದಿಗೆ ಒತ್ತು ಬಿದ್ದಿರುವುದೂ ಉಂಟು.

ಇದಿಷ್ಟೂ ಸರಿಯಿದ್ದರೂ ನಂಬುವ ಹಾಗಿಲ್ಲ. ಅಮೆರಿಕದಲ್ಲಿ ‘ಆಟೋಪೆನ್’ ಎಂಬ ಯಂತ್ರವಿದೆ. ನಿಜವಾದ ಪೆನ್ನು ಹಿಡಿದು, ಒಬ್ಬರ ಸಹಿಯನ್ನು ಎಷ್ಟು ಬೇಕಾದರೂ ಸಲ ಬರೆಯುತ್ತದೆ. ಅಧ್ಯಕ್ಷ ಕೆನೆಡಿ ಅದನ್ನು ಧಾರಾಳವಾಗಿ ಬಳಸಿದರು. 2011ರಲ್ಲಿ ಒಬಾಮ ಫ್ರಾನ್ಸಿನಲ್ಲಿದ್ದಾಗ, ಅವರ ಅಪ್ಪಣೆಯಂತೆ ಈ ಯಂತ್ರವೇ ವಾಷಿಂಗ್ಟನ್ನಿನಲ್ಲಿ ಒಂದು ಕಾನೂನಿಗೆ ಸಹಿ ಹಾಕಿತು. ಇದನ್ನು ಪತ್ತೆ ಹಚ್ಚುವುದು ಹೇಗೆ? ಬ್ಯಾಂಕಿನವನು ಹೇಳುತ್ತೇನೆ ಕೇಳಿ: ಮನುಷ್ಯ ಎರಡು ಸಲ ಪಡಿಯಚ್ಚಿನಂತೆ ಒಂದೇ ಥರ ಸಹಿ ಹಾಕಲಾರ. ಎರಡು ಸಹಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ, ಅಲ್ಲೇ ಅನುಮಾನ ಪಡಿ.

ಹಾಗಾದರೆ ಸಹಿಗೆ ಬೆಲೆಯೇ ಇಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಇದೆ ಮಗೂ. ಗಾಂಧೀಜಿ ತಮ್ಮ ಹಸ್ತಾಕ್ಷರಕ್ಕೆ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಹರಿಜನ ನಿಧಿಗಾಗಿ. ಅವರ ಒಂದು ಗೀಟಿನಿಂದ ಯಾರಿಗೋ ಉಪಕಾರವಾಗುತ್ತಿತ್ತು.

ನಮ್ಮ ದೇಶದಲ್ಲಿ ಸಹಿ ಇರುವ ಅತಿ ದೊಡ್ಡ ಪುಸ್ತಕ ಯಾವುದು ಎಂದು ನಾನೂ ಮಕ್ಕಳನ್ನು ಕೇಳಿದೆ. ಸಂವಿಧಾನವೇ. ಪ್ರೇಮ್ ಬಿಹಾರಿ ನಾರಾಯಣ್ ರೈಜಾದಾ ಅದರ ಇಂಗ್ಲಿಷ್ ಪ್ರತಿಯನ್ನು ಪೂರ್ತಿ ಕೈಯಲ್ಲೇ ಬರೆದರು. ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದವರು ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. 1950ರ ಜನವರಿ 24ರಂದು ಸಭೆಯ 284 ಸದಸ್ಯರು ಅದಕ್ಕೆ ಸಹಿ ಹಾಕಿದರು. ಅದು ಈಗಲೂ ಸಂಸತ್ತಿನ ಗ್ರಂಥಾಲಯದಲ್ಲಿ, ಹೊರಗಿನ ಗಾಳಿ ತಾಗದ ಪೆಟ್ಟಿಗೆಯಲ್ಲಿ ಭದ್ರವಾಗಿದೆ.

ಅಷ್ಟು ಸಹಿಗಳಲ್ಲಿ ಒಂದು ಹೆಸರು ಇಲ್ಲ. ಮೊದಲ ಕರಡು ಬರೆದ ಬೆನಗಲ್ ನರಸಿಂಗ ರಾವ್ ಅವರದು. ಅವರು ಸಲಹೆಗಾರರು, ಸಭೆಯ ಸದಸ್ಯರಲ್ಲ. ಹಾಗಾಗಿ ಸಹಿ ಹಾಕುವ ಪ್ರಶ್ನೆಯೇ ಬರಲಿಲ್ಲ. ಯಾರ ಸಹಿಗಾಗಿ ಮಗನ ಬೂಟಿನ ದುಡ್ಡು ಸುರಿದೆನೋ, ಅವರು ತಾವು ದುಡಿದ ಮಹಾಗ್ರಂಥದ ಮೇಲೇ ಸಹಿಯಿಲ್ಲದೆ ಉಳಿದವರು. ಇದೂ ನನಗೆ ತಿಳಿದದ್ದು ಪುಸ್ತಕ ಓದಲು ಕೂತ ಮೇಲೆಯೇ.

ಕೊಡುವ ಮೊದಲು ಪುಸ್ತಕದೊಳಗೆ ಒಂದು ಚೀಟಿ ಇಟ್ಟೆ: ‘ಮೊದಲ ಹಾಳೆಯಲ್ಲಿರುವ ಸಹಿ ಲೇಖಕರದ್ದಲ್ಲ. ಈ ಪುಸ್ತಕವನ್ನು ಪೂರ್ತಿ ಓದಿದ ಒಬ್ಬರದ್ದು.’ ಕೆಳಗೆ ನನ್ನ ಸಹಿ, ತಾರೀಖು. ಕೊನೆಯ ಪುಟದ ಪೆನ್ಸಿಲ್ ಸಾಲಿನ ಕೆಳಗೆ ನಾನು ಓದಿ ಮುಗಿಸಿದ ದಿನವನ್ನೂ ಬರೆದೆ. ಅದರ ಕೆಳಗೆ ಇನ್ನೂ ಜಾಗವಿದೆ.

ಸಂಜೆ ಮಗನಿಗೆ ಎಲ್ಲ ಹೇಳಿದೆ. “ಹಾಗಾದ್ರೆ ನನ್ನ ಬೂಟಿನ ದುಡ್ಡು ವಾಪಸ್ ಕೊಡಿ ಅಪ್ಪ” ಎಂದ. ಮುಂದಿನ ಪಿಂಚಣಿ ಬಂದಾಗ ಒಂದು ಜೊತೆ ಕೊಡಿಸಬೇಕು.

ನಿಮ್ಮ ಮನೆಯ ಹಳೆಯ ಪುಸ್ತಕಗಳ ಮೊದಲ ಹಾಳೆಯಲ್ಲಿ ಯಾರ ಹೆಸರಿದೆ, ನೋಡಿ. ಅದು ಯಾರದೆಂದು ತಾತನನ್ನೋ ಅಜ್ಜಿಯನ್ನೋ ಕೇಳಿ. ಆಮೇಲೆ ಹಾಳೆ ತಿರುಗಿಸಿ.