ಮೈಕಿನವನ ಋಣ



ಮದುವೆಯಾಗಲಿ, ಉಪನಯನವಾಗಲಿ, ಹರಿಕಥೆಯಾಗಲಿ, ಪುರೋಹಿತರನ್ನೂ ಅಡಿಗೆಯವರನ್ನೂ ನಾವು ಯಥೋಚಿತವಾಗಿ ಸತ್ಕರಿಸುತ್ತೇವೆ. ಮೂಲೆಯಲ್ಲಿ ತಂತಿಗಳ ನಡುವೆ ಕುಳಿತು ಧ್ವನಿಯನ್ನೂ ಚಿತ್ರವನ್ನೂ ನಮಗೆ ತಲಪಿಸುವವನನ್ನು ಮಾತ್ರ ‘ಮೈಕಿನವನು’ ಎಂದು ಕರೆದು ಮರೆಯುತ್ತೇವೆ. ಅವನ ಕೆಲಸವು ಚೆನ್ನಾಗಿ ನಡೆದರೆ ಯಾರ ಗಮನಕ್ಕೂ ಬಾರದು. ಕೆಟ್ಟರೆ ಎಲ್ಲರ ದೃಷ್ಟಿಯೂ ಅವನ ಮೇಲೆಯೇ.

ಈ ಅಪರಾಧವನ್ನು ನಾವೂ ಮಾಡಿದ್ದೇವೆ. ನಮ್ಮ ಅಧ್ಯಾಪಕ ವೃತ್ತಿಯ ಕಡೆಯ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ, ಅತಿಥಿಗಳಿಗೆ ಸಮೀಪವಾಗಲೆಂದು ಮೈಕನ್ನು ಕೈಯಲ್ಲಿ ಹಿಡಿದು ವೇದಿಕೆಯಿಂದ ಕೆಳಗಿಳಿದೆವು. ಒಡನೆಯೇ ಕಿವಿ ಸೀಳುವಂಥ ಕೂಗು ಹೊರಟಿತು. ಮಕ್ಕಳು ಕಿವಿ ಮುಚ್ಚಿಕೊಂಡರು. “ಕೆಲಸ ಬಾರದಿದ್ದರೆ ಏತಕ್ಕೆ ಬರುತ್ತೀಯಯ್ಯಾ?” ಎಂದು ತುಂಬಿದ ಸಭೆಯಲ್ಲಿ ಗದರಿಸಿದೆವು. ಆ ತರುಣನು ನಮ್ಮ ಶಿಷ್ಯನೇ. ಸಂಸ್ಕೃತದಲ್ಲಿ ಎರಡು ಬಾರಿ ತೇರ್ಗಡೆಯಾಗದೆ ಶಾಲೆ ಬಿಟ್ಟವನು. ಅವನು ಮರುಮಾತಾಡದೆ ಧ್ವನಿಯನ್ನು ತಗ್ಗಿಸಿ, ಬಂದು ನಮ್ಮನ್ನು ಮೆಲ್ಲನೆ ಹಿಂದಕ್ಕೆ ಕರೆದೊಯ್ದನು. ಕೂಗು ನಿಂತಿತು.

ಸಭೆ ಮುಗಿದು ಅವನು ತಂತಿ ಸುತ್ತುತ್ತಿರುವಾಗ ಕಾರಣವನ್ನು ಕೇಳಿದೆವು. “ಮೇಷ್ಟ್ರೇ, ತಾವು ಸ್ಪೀಕರಿನ ಮುಂದಕ್ಕೆ ಬಂದಿರಿ. ಅದರಿಂದ ಹೊರಟ ಶಬ್ದ ಮತ್ತೆ ಮೈಕಿನೊಳಕ್ಕೆ ಹೋಯಿತು, ಹೋದದ್ದು ಇನ್ನೂ ದೊಡ್ಡದಾಗಿ ಹೊರಗೆ ಬಂತು, ಹಾಗೇ ಸುತ್ತಿ ಸುತ್ತಿ ಬೆಳೆಯಿತು” ಎಂದನು. ಅಲೆಯಿಂದ ಅಲೆ ಹುಟ್ಟುವಂತೆ ಶಬ್ದವು ಸಂಚರಿಸುವುದೆಂದು ನೈಯಾಯಿಕರು ಹೇಳುವ ವೀಚೀತರಂಗ ನ್ಯಾಯವನ್ನು ತಾರುಣ್ಯದಲ್ಲಿಯೇ ಕಂಠಸ್ಥ ಮಾಡಿದ್ದ ನಮಗೆ ತೋರದಿದ್ದುದು ಅವನಿಗೆ ತೋರಿತ್ತು.

ಅಂದಿನಿಂದ ಅವನ ಕೆಲಸವನ್ನು ಗಮನಿಸುತ್ತ ಬಂದಿದ್ದೇವೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ತಂತಿಯೊಳಗಿನ ವಿದ್ಯುತ್ಸಂಕೇತವಾದರೋ ಕ್ಷಣಮಾತ್ರದಲ್ಲಿ ಓಡುತ್ತದೆ. ಆದ್ದರಿಂದ ವೇದಿಕೆಯ ಸ್ಪೀಕರಿನಿಂದ 34 ಮೀಟರು ಹಿಂದೆ ಇನ್ನೊಂದನ್ನು ಇಟ್ಟರೆ, ಅದರ ಧ್ವನಿಯನ್ನು ಸೆಕೆಂಡಿನ ಹತ್ತನೆಯ ಒಂದು ಭಾಗ ತಡೆದು ಬಿಡಬೇಕು. ಇಲ್ಲವಾದರೆ ಹಿಂದಿನ ಸಾಲಿನವರಿಗೆ ಒಂದೇ ಮಾತು ಎರಡು ಬಾರಿ ಕೇಳಿಸುವುದು. ಪರದೆಯ ಮೇಲೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪದಂತೆ ನೋಡುವುದೂ ಅವನ ಹೊಣೆಯೇ. ಎಲ್ಲಕ್ಕಿಂತ ಮೊದಲು ಅವನು ಪರೀಕ್ಷಿಸುವುದು ಅರ್ತಿಂಗ್ ತಂತಿಯನ್ನು. ಮನೆಯ ವಿದ್ಯುತ್ತು 230 ವೋಲ್ಟು. ಆ ತಂತಿ ಕಡಿದಿದ್ದು ಯಂತ್ರದ ಲೋಹಕ್ಕೆ ವಿದ್ಯುತ್ತು ಸೋರಿದರೆ ಮೈಕು ಹಿಡಿದವನ ಪ್ರಾಣಕ್ಕೇ ಅಪಾಯ.

ಮಗನನ್ನು ಈ ಕೆಲಸಕ್ಕೆ ಹಾಕಬಹುದೇ ಎಂದು ಸಂಕೋಚದಿಂದ ಕೇಳುವ ತಂದೆಯರುಂಟು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ವಿದ್ವಾಂಸರು ಮನೆಗೆ ಬರಮಾಡಿಕೊಂಡ ಯಂತ್ರವಿದ್ಯೆಯು ನಮ್ಮ ಮಕ್ಕಳಿಗೆ ಹೀನವಾಗುವುದೆಂತು? ಧಾರಾಳವಾಗಿ ಹಾಕಬಹುದು, ಆದರೆ ವಿದ್ಯುತ್ತಿನ ಪಾಠವನ್ನು ಕ್ರಮವಾಗಿ ಕಲಿಸಿಯೇ ಹಾಕಬೇಕು.

ಉಳಿದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. “ಇನ್ನೂ ಜೋರು” ಎಂದು ಅವನನ್ನು ಪೀಡಿಸಬಾರದು. 85 ಡೆಸಿಬೆಲಿಗೆ ಮೀರಿದ ಶಬ್ದದಲ್ಲಿ ದಿನವೂ ಎಂಟು ಗಂಟೆ ದುಡಿಯುವವನ ಕಿವಿ ಕ್ರಮೇಣ ಮಂದವಾಗುವುದು. ಹಾಗೆ ಕಳೆದ ಶ್ರವಣಶಕ್ತಿ ಮರಳದು. 2000ನೆಯ ಇಸವಿಯ ನಿಯಮಗಳಂತೆ, ಸರ್ಕಾರದ ವಿಶೇಷ ವಿನಾಯಿತಿಯಿಲ್ಲದೆ ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಹಾಕಕೂಡದು; ಹಾಕೆಂದು ನಾವು ಹೇಳಿ ದಂಡವನ್ನು ಅವನ ತಲೆಗೆ ಕಟ್ಟುವುದು ಧರ್ಮವಲ್ಲ. ಮಳೆ ಬಂದಾಗ ಅವನು ನಿಲ್ಲಿಸೋಣವೆಂದರೆ ನಿಲ್ಲಿಸಬೇಕು. ಪಂಕ್ತಿಯಲ್ಲಿ ಅವನಿಗೂ ಎಲೆ ಹಾಕಿಸಿ, ಸಲ್ಲತಕ್ಕ ಹಣವನ್ನು ಅಂದೇ ಸಲ್ಲಿಸಬೇಕು.

ಸಭೆಯಲ್ಲಿ ಗದರಿಸಿದವರು ಮೂಲೆಯಲ್ಲಿ ಕ್ಷಮೆ ಕೇಳಿದರೆ ಸಾಲದು. ಅಂದು ನಾವು ಕೇಳಿದ್ದು ಮೂಲೆಯಲ್ಲಿಯೇ. ಆದುದರಿಂದ ಇಂದು ತಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇವೆ: ಮಗು, ಅಂದಿನ ತಪ್ಪು ನಮ್ಮದು.