‘ಫೈನಲ್ ಡಿಸೈನ್’ ಕೇಳಬೇಡಿ

ಈ ಸಲ ರಾಜ್ಯೋತ್ಸವದ ದಿನ ಸ್ಟೇಜ್ ಹಿಂದೆ ಇದ್ದ ಹೂದೋಟವನ್ನ ಎಲ್ಲರೂ ನೋಡಿದ್ದೀರಿ. ಅದರ ಮುಂದೆ ನಿಂತು ಸೆಲ್ಫಿ ತಗೊಂಡವರೂ ಇದ್ದೀರಿ. ಅದು ಯಾವ ಊರಿನ ತೋಟವೂ ಅಲ್ಲ. ಚಳಿಗಾಲದ ಸೇವಂತಿಗೆ, ಬೇಸಿಗೆಯ ಮಲ್ಲಿಗೆ, ಶಿವರಾತ್ರಿ ಹೊತ್ತಿಗೆ ಅರಳೋ ಮುತ್ತುಗ, ಎಲ್ಲವೂ ಒಂದೇ ದಿನ ಬಿಟ್ಟಿರೋ ತೋಟ ಎಲ್ಲಿರತ್ತೆ? ಐದು ಜನ ಸೇರಿ ಕಲ್ಪಿಸಿಕೊಂಡಿದ್ದು.

ಈಗ ಕ್ಲಬ್ ಮೀಟಿಂಗಲ್ಲಿ ಒಂದು ಮಾತು ಬಂದಿದೆ. ಮುಂದಿನ ವರ್ಷದಿಂದ ಮೊದಲೇ ಫೈನಲ್ ಡಿಸೈನ್ ಕೊಡಬೇಕು, ಅಪ್ರೂವ್ ಆದಮೇಲೆ ಬದಲಾವಣೆ ಇಲ್ಲ, ಆಗಲ್ಲಾಂದ್ರೆ ಫ್ಲೆಕ್ಸ್ ಹಾಕೋಣ. ನಂಗೆ ಇದು ಸರಿ ಕಾಣ್ತಿಲ್ಲ.

ನಾವೂ ಎ4 ಹಾಳೆ ಮೇಲೆ ಸ್ಕೆಚ್ ಮಾಡಿದ್ವಿ. ಮಧ್ಯದಲ್ಲಿ ಕೊಳ, ಸುತ್ತ ಹೂ. ಹಾಳೆಯಲ್ಲಿ ಚೆನ್ನಾಗೇ ಇತ್ತು. ಹನ್ನೆರಡು ಅಡಿ ಬಟ್ಟೆ ಮೇಲೆ ಬಂದಾಗ ಆ ಕೊಳ ಯಾರೋ ನೀಲಿ ಟಾರ್ಪಾಲು ಹಾಸಿದ ಹಾಗೆ ಕಾಣ್ತು. ಅದನ್ನ ಮುಚ್ಚಿ ಸೇವಂತಿಗೆ ಹಾಕೋಣ ಅಂತ ಹಳದಿ ಬಳಿದೆ. ನೀಲಿ ಪೂರ್ತಿ ಒಣಗಿರ್ಲಿಲ್ಲ, ಎಲ್ಲ ಹಸಿರಾಯ್ತು. ಒಣಗಿದ್ರೂ ಹಳದಿ ಅಷ್ಟು ಸುಲಭಕ್ಕೆ ನೀಲಿನ ಮುಚ್ಚಲ್ಲ. ಮೊದಲು ಬಿಳಿ ಬಳಿದು, ಒಣಗಿಸಿ, ಆಮೇಲೆ ಹಳದಿ ಹಾಕಬೇಕು. ಇದು ಗೊತ್ತಾಗೋಷ್ಟರಲ್ಲಿ ಅರ್ಧ ರಾತ್ರಿ ಹೋಗಿತ್ತು. ನಾನು ಅಳೋದೊಂದು ಬಾಕಿ. ಜೊತೆಗಿದ್ದ ಜೂನಿಯರ್ ಮಾತ್ರ, ‘ಅಕ್ಕ, ಹೀಗೇ ಬಿಡಿ, ಎಲೆ ಮಾಡೋಣ’ ಅಂದ. ಕೊಳ ಹೋಗಿ ಮಲ್ಲಿಗೆ ಚಪ್ಪರ ಬಂತು. ನೀವೆಲ್ಲ ಫೋಟೋ ತೆಗೆಸ್ಕೊಂಡಿದ್ದು ಅದರ ಮುಂದೇನೇ. ಅದು ಯಾವ ಸ್ಕೆಚ್ಚಲ್ಲೂ ಇರ್ಲಿಲ್ಲ.

‘ಪ್ರೊಫೆಷನಲ್ಸ್ ಹೀಗೆ ಮಾಡಲ್ಲ’ ಅಂದ್ರು ಒಬ್ಬರು. ನೆದರ್ಲೆಂಡ್ಸಿನ ಯಾನ್ ವಾನ್ ಹಾಯ್ಸಮ್ ಹೂವಿನ ಚಿತ್ರಕ್ಕೇ ಹೆಸರಾದವನು. ಬೇರೆ ಬೇರೆ ಕಾಲದ ಹೂಗಳನ್ನ ಒಂದೇ ಹೂದಾನಿಯಲ್ಲಿ ಬರೀತಿದ್ದ. ಬೇಕಾದ ಹೂ ಅರಳೋವರೆಗೆ ಚಿತ್ರ ಮುಗಿಸದೆ ಕಾಯ್ತಿದ್ದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಅವನ ಒಂದು ಚಿತ್ರದ ಮೇಲೆ 1736, 1737 ಅಂತ ಎರಡು ಇಸವಿ ಇದೆ. ಮೊನೆ ತನ್ನ ದೊಡ್ಡ ನೈದಿಲೆ ಚಿತ್ರಗಳನ್ನ ವರ್ಷಗಟ್ಟಲೆ ತಿದ್ದುತ್ತಲೇ ಇದ್ದ. ನಮಗೆ ವರ್ಷಗಟ್ಟಲೆ ಬೇಡ, ನಾಲ್ಕು ರಾತ್ರಿ ಸಾಕು.

ಬಣ್ಣ ದಂಡ ಆಗತ್ತೆ ಅನ್ನೋದು ನಿಜ. ಆ ಕೊಳಕ್ಕೆ ಒಂದು ಲೀಟರ್ ನೀಲಿ ಹೋಯ್ತು, ಒಪ್ಕೋತೀನಿ. ಹಾಗಾದ್ರೆ ಇಷ್ಟೇ ಲೀಟರ್, ಇಷ್ಟೇ ರಾತ್ರಿ ಅಂತ ಮಿತಿ ಹಾಕಿ, ಅದು ನ್ಯಾಯ. ಯಾವ ಹೂ ಎಲ್ಲಿ ಬರತ್ತೆ ಅಂತ ಅಕ್ಟೋಬರಲ್ಲೇ ಸಹಿ ಹಾಕಿಸ್ಕೋಬೇಡಿ. ರೆಕಾರ್ಡಲ್ಲಿ ಒಂದು ಪದ ಹೊಡೆದು ಹಾಕಿದ್ರೆ ಇಡೀ ಪುಟ ಮತ್ತೆ ಬರೀಬೇಕು. ಅದನ್ನ ಕ್ಲಬ್ಬಿಗೂ ಯಾಕೆ ತರ್ತೀರಿ?

ಬಟ್ಟೆನ ಕ್ಲಬ್ ರೂಮಲ್ಲಿ ಸುತ್ತಿಟ್ಟಿದ್ದೀವಿ. ಬಿಡಿಸಿ ನೋಡಿದ್ರೆ ಚಪ್ಪರದ ಕೆಳಗೆ ಕೊಳದ ನೀಲಿ ಇನ್ನೂ ಸ್ವಲ್ಪ ಕಾಣತ್ತೆ. ಮುಂದಿನ ಮೀಟಿಂಗಲ್ಲಿ ಈ ವಿಷಯ ಮತ್ತೆ ಬರತ್ತಂತೆ. ಸೆಲ್ಫಿ ತಗೊಂಡವರು ದಯವಿಟ್ಟು ಬನ್ನಿ.